ಪಕ್ಕದ ಕೋಣೆಯಲ್ಲೊಂದು ಹಾಡು ಹುಟ್ಟುತ್ತಿರಬಹುದು

ಅಮೆರಿಕದಲ್ಲಿ ಹದಿಹರೆಯದ ಮಕ್ಕಳಿರುವ ಕನ್ನಡದ ಮನೆಗಳಲ್ಲಿ ಬಿಲ್ಲಿ ಐಲಿಶ್ ಎಂಬ ಹೆಸರು ಕಿವಿಗೆ ಬೀಳದೇ ಇರುವುದು ಕಷ್ಟ. ಕೆಲ ವರ್ಷಗಳ ಹಿಂದೆ ಹಸಿರು ಬಣ್ಣದ ಕೂದಲು, ಎರಡಾಳು ತೊಡಬಹುದಾದಷ್ಟು ದೊಗಳೆ ಅಂಗಿ ತೊಟ್ಟು ಟಿವಿಯಲ್ಲಿ ಕಾಣಿಸಿಕೊಳ್ಳುತ್ತಿದ್ದ ಹುಡುಗಿ. ಅವಳ ಹಾಡು ಕಾರಿನಲ್ಲಿ ಶುರುವಾದರೆ ಹಿಂದಿನ ಸೀಟಿನ ಮಕ್ಕಳು ದನಿಗೂಡಿಸುತ್ತಾರೆ. ಮುಂದಿನ ಸೀಟಿನ ನಾವು, 'ಇದೇನು, ನಿದ್ದೆಗಣ್ಣಲ್ಲಿ ಗೊಣಗಿದ ಹಾಗಿದೆಯಲ್ಲ' ಎನ್ನುತ್ತೇವೆ. ಹಾಡು ಹಿಡಿಸದಿದ್ದರೆ ಬಿಡೋಣ, ಅದು ಅವರವರ ರುಚಿ. ಆದರೆ ಆ ಹಾಡು ಹುಟ್ಟಿದ ಮನೆಯ ಕತೆಯನ್ನು ಮಾತ್ರ ತಂದೆತಾಯಿಗಳಾದ ನಾವು ಒಮ್ಮೆ ತಿಳಿದುಕೊಳ್ಳಬೇಕು. ಅದರಲ್ಲಿ ನಮ್ಮ ಮನೆಗಳಿಗೂ ಸಂಬಂಧಿಸಿದ ಒಂದು ಮಾತಿದೆ.

ಬಿಲ್ಲಿ ಹುಟ್ಟಿದ್ದು 2001ರ ಡಿಸೆಂಬರ್ 18ರಂದು, ಲಾಸ್ ಏಂಜಲೀಸ್‌ನಲ್ಲಿ. ಬೆಳೆದದ್ದು ಅದೇ ಊರಿನ ಹೈಲೆಂಡ್ ಪಾರ್ಕ್ ಎಂಬ ಬಡಾವಣೆಯ ಪುಟ್ಟ ಮನೆಯಲ್ಲಿ. ತಾಯಿ ಮ್ಯಾಗಿ ಬೇರ್ಡ್, ತಂದೆ ಪ್ಯಾಟ್ರಿಕ್ ಓಕಾನಲ್. ಇಬ್ಬರೂ ನಟರು, ಸಂಗೀತ ಬಲ್ಲವರು. ಆದರೆ ಹಾಲಿವುಡ್‌ನ ಸಿರಿವಂತ ತಾರೆಯರೇನಲ್ಲ. ಮನೆಯಲ್ಲಿ ಇದ್ದದ್ದು ಎರಡೇ ಮಲಗುವ ಕೋಣೆ. ಒಂದು ಮಗನಿಗೆ, ಒಂದು ಮಗಳಿಗೆ. ಅಪ್ಪ ಅಮ್ಮ ಮಲಗುತ್ತಿದ್ದದ್ದು ಹಾಲಿನಲ್ಲಿ. ಮಕ್ಕಳು ಶಾಲೆಗೆ ಹೋಗದೆ ಮನೆಯಲ್ಲೇ ಕಲಿತರು. ಎಂಟನೇ ವಯಸ್ಸಿಗೆ ಬಿಲ್ಲಿ ಊರಿನ ಮಕ್ಕಳ ಗಾಯನವೃಂದ ಸೇರಿದಳು. ಯುಕುಲೇಲಿ ಎಂಬ ಪುಟ್ಟ ತಂತಿವಾದ್ಯ ಕೈಗೆ ಬಂತು. ಮನೆಯಲ್ಲೇ ಕಲಿಯುವ ಮಕ್ಕಳಿಗಾಗಿ ತಾಯಿ ನಡೆಸುತ್ತಿದ್ದ ಹಾಡು ಬರೆಯುವ ತರಗತಿಯಲ್ಲಿ, ಹನ್ನೊಂದರ ಆಸುಪಾಸಿನಲ್ಲಿ, ಅವಳು ತನ್ನ ಮೊದಲ ಹಾಡನ್ನು ಬರೆದಳು. ಟಿವಿ ಧಾರಾವಾಹಿಯೊಂದರಲ್ಲಿ ಕಂಡ ದೆವ್ವದಂಥ ಜೀವಿಗಳೇ ಆ ಹಾಡಿಗೆ ಪ್ರೇರಣೆ. ಮಗು ತನಗೆ ಕಂಡದ್ದನ್ನು ಬರೆಯಿತು, ಅಷ್ಟೇ.

2015ರಲ್ಲಿ, ಬಿಲ್ಲಿಗೆ ಹದಿಮೂರು ನಡೆಯುತ್ತಿದ್ದಾಗ, ನೃತ್ಯದ ಶಿಕ್ಷಕರು ನರ್ತನಕ್ಕೆ ಹೊಂದುವ ಒಂದು ಹಾಡು ಬೇಕೆಂದರು. ನಾಲ್ಕು ವರ್ಷ ದೊಡ್ಡವನಾದ ಅಣ್ಣ ಫಿನ್ನಿಯಸ್ ತನ್ನ ತಂಡಕ್ಕೆಂದು ಬರೆದಿಟ್ಟಿದ್ದ 'ಓಷನ್ ಐಸ್' ಎಂಬ ಹಾಡನ್ನು ತಂಗಿಯ ಕೈಯಲ್ಲಿ ಹಾಡಿಸಿದ. ಶಿಕ್ಷಕರಿಗೆ ಕೇಳಲು ಸುಲಭವಾಗಲೆಂದು ಸೌಂಡ್‌ಕ್ಲೌಡ್ ತಾಣಕ್ಕೆ ಏರಿಸಿದರು. ಅದನ್ನು ಗೊತ್ತುಗುರಿಯಿಲ್ಲದ ಸಾವಿರಾರು ಜನ ಕೇಳಿಬಿಟ್ಟರು. ಸ್ವಲ್ಪ ಕಾಲದಲ್ಲೇ ಸೊಂಟದ ಮೂಳೆಗೆ ಪೆಟ್ಟಾಗಿ ಅವಳ ನೃತ್ಯ ನಿಂತುಹೋಯಿತು. ಹಾಡು ಉಳಿಯಿತು.

ಮುಂದೆ ದೊಡ್ಡ ಧ್ವನಿಮುದ್ರಣ ಕಂಪನಿಯ ಒಪ್ಪಂದ ಬಂದಾಗಲೂ ಅಣ್ಣ ತಂಗಿ ದೊಡ್ಡ ಸ್ಟುಡಿಯೋಗೆ ಓಡಲಿಲ್ಲ. 2019ರ ಮಾರ್ಚ್‌ನಲ್ಲಿ ಹೊರಬಂದ ಅವಳ ಮೊದಲ ಪೂರ್ಣ ಆಲ್ಬಂ ಬಹುಪಾಲು ತಯಾರಾದದ್ದು ಅದೇ ಮನೆಯಲ್ಲಿ, ಫಿನ್ನಿಯಸ್‌ನ ಮಲಗುವ ಕೋಣೆಯಲ್ಲಿ. ಅವಳು ಹಾಸಿಗೆಯ ಮೇಲೆ ಕೂತು ಹಾಡುವುದು, ಅವನು ಮೇಜಿನ ಕಂಪ್ಯೂಟರಿನ ಮುಂದೆ ಕೂತು ಹೆಣೆಯುವುದು. ನಮಗೆ ಗೊಣಗಿದಂತೆ ಕೇಳುವ ಆ ಪಿಸುದನಿ ಆ ಕೋಣೆಗೆ ಹೇಳಿ ಮಾಡಿಸಿದಂತಿದೆ. ಕಿವಿಯ ಪಕ್ಕದಲ್ಲೇ ಕೂತು ಹೇಳಿದ ಮಾತಿಗೆ ಕೂಗುವ ಅಗತ್ಯವೇನು? ಹಲ್ಲಿನ ವೈದ್ಯರ ಯಂತ್ರದ ಸದ್ದು, ಆಸ್ಟ್ರೇಲಿಯಾದಲ್ಲಿ ರಸ್ತೆ ದಾಟುವ ಕಡೆ ಕೇಳಿಸುವ ಟಿಕ್‌ಟಿಕ್ ಸದ್ದು, ಹೀಗೆ ದಿನದ ಬದುಕಿನ ಸಪ್ಪಳಗಳೂ ಆ ಹಾಡುಗಳೊಳಗೆ ಸೇರಿಕೊಂಡಿವೆ.

2020ರ ಜನವರಿ 26ರ ಗ್ರ್ಯಾಮಿ ಸಮಾರಂಭದಲ್ಲಿ ಬಿಲ್ಲಿಗೆ ಐದು ಪ್ರಶಸ್ತಿ ಬಂದವು. ವರ್ಷದ ಆಲ್ಬಂ, ವರ್ಷದ ಧ್ವನಿಮುದ್ರಿಕೆ, ವರ್ಷದ ಹಾಡು, ಅತ್ಯುತ್ತಮ ಹೊಸ ಕಲಾವಿದೆ ಎಂಬ ನಾಲ್ಕು ಮುಖ್ಯ ಪ್ರಶಸ್ತಿಗಳೂ ಅದರಲ್ಲಿ ಸೇರಿದ್ದವು. ಆಗ ಅವಳಿಗೆ ಹದಿನೆಂಟು. ಒಂದೇ ರಾತ್ರಿ ಈ ನಾಲ್ಕನ್ನೂ ಗೆದ್ದವರು ಅದಕ್ಕೂ ಮೊದಲು ಒಬ್ಬರೇ, 1981ರಲ್ಲಿ ಕ್ರಿಸ್ಟಫರ್ ಕ್ರಾಸ್. ವೇದಿಕೆಯ ಮೇಲೆ ಫಿನ್ನಿಯಸ್ ಆ ಪ್ರಶಸ್ತಿಯನ್ನು ತಂತಮ್ಮ ಕೋಣೆಗಳಲ್ಲಿ ಕೂತು ಹಾಡು ಕಟ್ಟುತ್ತಿರುವ ಮಕ್ಕಳಿಗೆಲ್ಲ ಅರ್ಪಿಸಿದ. ಆಮೇಲೆ 2022 ಮತ್ತು 2024ರಲ್ಲಿ ಸಿನಿಮಾ ಹಾಡುಗಳಿಗಾಗಿ ಅಣ್ಣ ತಂಗಿಗೆ ಎರಡು ಆಸ್ಕರ್ ಕೂಡ ಬಂದವು. ಇಪ್ಪತ್ತೆರಡನೇ ವಯಸ್ಸಿಗೇ ಎರಡು ಆಸ್ಕರ್ ಪಡೆದವರು ಅವಳಿಗಿಂತ ಮೊದಲು ಯಾರೂ ಇರಲಿಲ್ಲ.

ಈ ಪ್ರಶಸ್ತಿಗಳ ಪಟ್ಟಿ ಓದಿ ಮಕ್ಕಳಿಗೆ 'ನೋಡು, ಹೇಗೆ ಸಾಧಿಸಿದಳು' ಎಂದು ಉಪದೇಶ ಮಾಡುವುದು ಸುಲಭ. ನಾವು ಹೇಳಹೊರಟಿರುವುದು ಅದನ್ನಲ್ಲ. ಪ್ರಶಸ್ತಿಗಳನ್ನೆಲ್ಲ ತೆಗೆದು ಪಕ್ಕಕ್ಕಿಟ್ಟರೆ ಈ ಕತೆಯಲ್ಲಿ ಏನು ಉಳಿಯುತ್ತದೆ? ಒಂದು ಕೋಣೆ, ಒಂದಿಷ್ಟು ಬಿಡುವು, ಮಕ್ಕಳು ಬರೆದ ಅಡ್ಡಾದಿಡ್ಡಿ ಹಾಡನ್ನು ಕೂತು ಕೇಳಿದ ಅಪ್ಪ ಅಮ್ಮ. ಈ ಮೂರರಲ್ಲಿ ಕೋಣೆ ನಮ್ಮ ಬಹುತೇಕ ಮನೆಗಳಲ್ಲಿದೆ. ಉಳಿದೆರಡರ ಲೆಕ್ಕವನ್ನು ಸ್ವಲ್ಪ ನೋಡೋಣ.

ಹೊರದೇಶದ ಕನ್ನಡಿಗರು ಮಕ್ಕಳ ಕಲೆಗಾಗಿ ಪಡುವ ಪಾಡು ಸಣ್ಣದಲ್ಲ. ಶನಿವಾರ ಬೆಳಗ್ಗೆ ಕನ್ನಡ ತರಗತಿ, ಮಧ್ಯಾಹ್ನ ಕರ್ನಾಟಕ ಸಂಗೀತ, ಭಾನುವಾರ ಭರತನಾಟ್ಯ, ನಡುವೆ ಗಣಿತದ ಕೋಚಿಂಗ್, ಈಜು. ಒಂದೊಂದಕ್ಕೂ ಅರ್ಧ ಗಂಟೆ, ಮುಕ್ಕಾಲು ಗಂಟೆ ಕಾರು ಓಡಿಸಿ, ತರಗತಿ ಮುಗಿಯುವವರೆಗೆ ಪಾರ್ಕಿಂಗ್‌ನಲ್ಲಿ ಕೂತು ಆಫೀಸಿನ ಇಮೇಲ್ ನೋಡುವ ಅಪ್ಪಂದಿರು, ಅಮ್ಮಂದಿರು ಎಲ್ಲ ಊರಲ್ಲೂ ಇದ್ದಾರೆ. ಇವರ ಶ್ರಮದಿಂದಲೇ ದೇವರನಾಮ ಹಾಡುವ, ವರ್ಣ ನುಡಿಸುವ, ರಂಗಪ್ರವೇಶ ಮಾಡುವ ಒಂದು ತಲೆಮಾರು ಹೊರದೇಶಗಳಲ್ಲಿ ಬೆಳೆದಿದೆ. ಇದನ್ನು ಹಗುರವಾಗಿ ಕಾಣುವ ಮಾತೇ ಇಲ್ಲ. ಆದರೆ ಈ ಎಲ್ಲ ಕಲಿಕೆಯಲ್ಲಿ ಮಗು ಹಾಡುವುದು ಬೇರೆಯವರ ಹಾಡನ್ನು. ಸರಿಯಾಗಿ ಹಾಡಿತೇ, ತಪ್ಪಿತೇ ಎಂಬುದೇ ನಮ್ಮ ಅಳತೆಗೋಲು. 'ನಿನ್ನದೇ ಒಂದು ಹಾಡು ಹೇಳು' ಎಂದು ಕೇಳುವ ತರಗತಿ ಆ ವಾರದ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಅಂಥ ಹಾಡು ಹುಟ್ಟಬೇಕಾದರೆ ಬೇಕಾಗುವ ಖಾಲಿ ಮಧ್ಯಾಹ್ನವೂ ಇಲ್ಲ.

ಇದು ಪಾಶ್ಚಾತ್ಯರ ಗೀಳು ಎಂದು ತಳ್ಳಿಹಾಕುವಂತಿಲ್ಲ. ಮಾತನ್ನೂ ತಾನೇ ಕಟ್ಟಿ, ಧಾತುವನ್ನೂ ತಾನೇ ಹೊಂದಿಸುವವರಿಗೆ ನಮ್ಮ ಸಂಗೀತದಲ್ಲಿ ಹಳೆಯ ಹೆಸರೇ ಇದೆ: ವಾಗ್ಗೇಯಕಾರ. ಇಂಗ್ಲಿಷಿನವರು ಸಿಂಗರ್ ಸಾಂಗ್‌ರೈಟರ್ ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಪದ ಬೇಕೇ? ಕರ್ನಾಟಕ ಸಂಗೀತದ ಪಿತಾಮಹ ಎಂದು ನಾವು ಕೈಮುಗಿಯುವ ಪುರಂದರದಾಸರು ತಮ್ಮ ಕಾಲದ ಆಡುಮಾತಿನಲ್ಲಿ, ಸಂತೆ ಬೀದಿ ಅಡುಗೆಮನೆಯ ಪದಗಳಲ್ಲಿ, ತಾವು ಕಂಡ ಲೋಕವನ್ನೇ ಹಾಡು ಮಾಡಿದವರು. ಕನಕದಾಸರು, ಶಿಶುನಾಳ ಶರೀಫರು ಕೂಡ ಹಾಗೆಯೇ. ಅವರ ಹಾಡನ್ನು ಮಕ್ಕಳಿಗೆ ಕಲಿಸುತ್ತೇವೆ. ಅವರು ಮಾಡಿದ ಕೆಲಸವನ್ನು ಕಲಿಸುವುದಿಲ್ಲ. ನಮ್ಮ ಸುಗಮ ಸಂಗೀತದಲ್ಲೂ ಕವಿ ಬರೆಯುತ್ತಾರೆ, ಇನ್ನೊಬ್ಬರು ರಾಗ ಹಾಕುತ್ತಾರೆ, ಮತ್ತೊಬ್ಬರು ಹಾಡುತ್ತಾರೆ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಕಟ್ಟಿದ 'ನಿತ್ಯೋತ್ಸವ' ಕ್ಯಾಸೆಟ್ 1978ರಲ್ಲಿ ಬಂದಾಗಿನಿಂದ ಆ ದಾರಿ ಕನ್ನಡಕ್ಕೆ ಎಷ್ಟೋ ಕೊಟ್ಟಿದೆ. ಆದರೆ ಅದೊಂದೇ ದಾರಿಯಲ್ಲ. ಮೈಸೂರಿನ ರಘು ದೀಕ್ಷಿತ್ ಭರತನಾಟ್ಯ ಕಲಿತವರು, ಸೂಕ್ಷ್ಮಜೀವಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವರು. ಗಿಟಾರ್ ಹಿಡಿದು ತಮ್ಮದೇ ಹಾಡು ಕಟ್ಟಿದರು, ಶರೀಫರನ್ನೂ ತಮ್ಮದೇ ದನಿಯಲ್ಲಿ ಹಾಡಿದರು, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದ ವೇದಿಕೆಯನ್ನೂ ಏರಿದರು.

ಇನ್ನೊಂದು ಸಂಗತಿ ಇದಕ್ಕಿಂತ ಸೂಕ್ಷ್ಮ. ಬಿಲ್ಲಿಯ ಹಾಡುಗಳಲ್ಲಿ ಭಯವಿದೆ, ಕೆಟ್ಟ ಕನಸಿದೆ, ಒಂಟಿತನವಿದೆ. ಅವಳಿಗೆ ಬಾಲ್ಯದಿಂದಲೂ ಟುರೆಟ್ ಸಿಂಡ್ರೋಮ್ ಇದೆ. ಮುಖದ, ಕತ್ತಿನ ಸ್ನಾಯುಗಳು ತಾವಾಗಿ ಅದುರುವ ನರಸಂಬಂಧಿ ತೊಂದರೆ. ಖಿನ್ನತೆಯಲ್ಲಿ ಬಳಲಿದ್ದನ್ನೂ ಅವಳು ಮುಚ್ಚಿಟ್ಟಿಲ್ಲ. ಇಂಥ ಸಾಲುಗಳು ನಮ್ಮ ಮಗಳ ನೋಟ್‌ಬುಕ್ಕಿನಲ್ಲಿ ಸಿಕ್ಕರೆ ನಾವೇನು ಮಾಡುತ್ತೇವೆ? 'ಇದೆಲ್ಲ ಏನು? ನಿನಗೇನು ಕಡಿಮೆಯಾಗಿದೆ?' ಎಂಬ ಮಾತು ನಾಲಗೆಯ ತುದಿಗೇ ಬರುತ್ತದೆ. ಅದರ ಹಿಂದೆಯೇ 'ನಾಲ್ಕು ಜನ ಏನೆಂದಾರು' ಎಂಬ ಚಿಂತೆ. ಅಲ್ಲಿಗೆ ನೋಟ್‌ಬುಕ್ ಬಚ್ಚಿಟ್ಟುಕೊಳ್ಳುತ್ತದೆ, ನೋವು ಹೋಗುವುದಿಲ್ಲ. ಎರಡು ದೇಶ, ಎರಡು ಭಾಷೆ, ಶಾಲೆಯಲ್ಲೊಂದು ಹೆಸರು ಮನೆಯಲ್ಲೊಂದು ಹೆಸರು ಇಟ್ಟುಕೊಂಡು ಬೆಳೆಯುವ ಮಕ್ಕಳಿಗೆ ಹೇಳಿಕೊಳ್ಳಲು ಬೇಕಾದಷ್ಟಿದೆ. ಊಟದ ಮೇಜಿನಲ್ಲಿ ಹೇಳಲಾಗದ್ದು ಹಾಡಿನಲ್ಲಿ ಬಂದರೆ ಅದನ್ನು ಬಾಗಿಲು ತಟ್ಟಿದ ಸದ್ದು ಎಂದೇ ತಿಳಿಯಬೇಕು. ಮಗು ನಿಜಕ್ಕೂ ಕುಗ್ಗಿದೆ ಎನಿಸಿದರೆ ವೈದ್ಯರ, ಆಪ್ತಸಲಹೆಗಾರರ ನೆರವು ಪಡೆಯಬೇಕು. ಆದರೆ ಅದು ಗೊತ್ತಾಗುವುದೂ ಕೇಳಿಸಿಕೊಂಡವರಿಗೆ ಮಾತ್ರ.

'ಅವರ ಮಾತು ಬೇರೆ' ಎಂದು ಓದುಗರು ಹೇಳಬಹುದು. ಹೌದು, ಬೇರೆ. ಅವರು ಹಾಲಿವುಡ್ ಇರುವ ಊರಿನವರು, ಕಲೆಯ ನಡುವೆ ಬದುಕಿದವರು. ವೀಸಾ ನವೀಕರಣದ ಆತಂಕ ಅವರಿಗಿರಲಿಲ್ಲ. ಹಾಡು ಏರಿಸಿದ ಲಕ್ಷ ಮಕ್ಕಳಲ್ಲಿ ಎಲ್ಲೋ ಒಬ್ಬರಿಗೆ ಅದೃಷ್ಟ ಕುದುರುತ್ತದೆ. ಕಾಲೇಜಿನ ಶುಲ್ಕ ಹಾಡಿನಿಂದ ಹುಟ್ಟುವುದಿಲ್ಲ. ಕೀರ್ತಿಯ ಬೆಲೆಯೂ ಸಣ್ಣದಲ್ಲ. ತನ್ನ ಮೈಮಾಟದ ಬಗ್ಗೆ ಲೋಕ ಮಾತಾಡದಿರಲಿ ಎಂದು ದೊಗಳೆ ಬಟ್ಟೆ ತೊಡುತ್ತಿದ್ದ ಹುಡುಗಿಯ ಬಟ್ಟೆಯ ಬಗ್ಗೆಯೇ ಲೋಕ ವರ್ಷಗಟ್ಟಲೆ ಮಾತಾಡಿತು. ಮನೆಯವರೆಗೆ ಬಂದು ಕಾಡಿದವರ ವಿರುದ್ಧ ಅವಳು ನ್ಯಾಯಾಲಯದ ರಕ್ಷಣೆ ಕೇಳಬೇಕಾಯಿತು. ಇಂಥ ಬದುಕು ನಮ್ಮ ಮಕ್ಕಳಿಗೆ ಬರಲಿ ಎಂದು ಯಾವ ತಾಯಿಯೂ ಹರಕೆ ಹೊರುವುದಿಲ್ಲ.

ಆದ್ದರಿಂದಲೇ ನಮ್ಮ ಮಾತು ವೃತ್ತಿಯ ಬಗ್ಗೆ ಅಲ್ಲ, ಮನೆಯ ಬಗ್ಗೆ. 2021ರಲ್ಲಿ ಬಂದ ಅವಳ ಬದುಕಿನ ಸಾಕ್ಷ್ಯಚಿತ್ರದಲ್ಲಿ ಒಂದು ದೃಶ್ಯವಿದೆ. ಹೊಸದಾಗಿ ಲೈಸೆನ್ಸ್ ಪಡೆದ ಮಗಳು ಒಬ್ಬಳೇ ಕಾರು ತೆಗೆದುಕೊಂಡು ಹೊರಟಾಗ, ತಂದೆ ಹಿಂದೆ ನಿಂತು ನೋಡುತ್ತಾ ತನ್ನ ಆತಂಕವನ್ನು ತೋಡಿಕೊಳ್ಳುತ್ತಾನೆ. ಜಗತ್ತು ಕೊಂಡಾಡುವ ಹಾಡುಗಾರ್ತಿಯ ಅಪ್ಪನೂ ಬೇ ಏರಿಯಾದ, ಡಲ್ಲಾಸ್‌ನ, ನ್ಯೂಜೆರ್ಸಿಯ ನಮ್ಮಂಥ ಅಪ್ಪನೇ. ಭಯ ಅವನಿಗೂ ಇತ್ತು. ಆದರೂ ಕೀಲಿ ಕೈಗೆ ಕೊಟ್ಟಿದ್ದ.

ಕನ್ನಡಕೂಟಗಳು ಇದಕ್ಕೊಂದು ಸಣ್ಣ ದಾರಿ ಮಾಡಿಕೊಡಬಹುದು. ಯುಗಾದಿ, ರಾಜ್ಯೋತ್ಸವದ ಕಾರ್ಯಕ್ರಮಗಳಲ್ಲಿ ಸಿನಿಮಾ ಹಾಡಿನ ಗುಂಪು ನೃತ್ಯಗಳ ನಡುವೆ ಹದಿನೈದು ನಿಮಿಷ ಮಕ್ಕಳ ಸ್ವಂತ ಹಾಡಿಗೆ ಮೀಸಲಿಡಲಿ. ಬಹುಮಾನ ಬೇಡ, ತೀರ್ಪುಗಾರರು ಬೇಡ. ಭಾಷೆಯ ಮಡಿಯೂ ಬೇಡ. ಇಂಗ್ಲಿಷಿನ ನಡುವೆ ಒಂದು 'ಅಜ್ಜಿ', ಒಂದು 'ಸಾಕು', ಒಂದು 'ಬಾರೋ' ಬಂದರೂ ಸಂತೋಷವೇ. ತನ್ನ ಹಾಡಿಗೆ ಬೇಕಾಗಿ ಮಗು ಹುಡುಕಿಕೊಂಡ ಒಂದು ಕನ್ನಡ ಪದ, ಕಂಠಪಾಠ ಮಾಡಿದ ಹತ್ತು ಪದಗಳಿಗಿಂತ ಹೆಚ್ಚು ಕಾಲ ಬಾಳುತ್ತದೆ. ಕನ್ನಡ ಕಲಿಸುವ ತರಗತಿಗಳಲ್ಲೂ ವರ್ಷಕ್ಕೊಮ್ಮೆ 'ನಾಲ್ಕು ಸಾಲು ನೀನೇ ಬರಿ' ಎಂಬ ಪಾಠ ಇರಲಿ. ಮನೆಯಲ್ಲಿ ವಾರಕ್ಕೊಂದು ಮಧ್ಯಾಹ್ನವನ್ನು ಯಾವ ತರಗತಿಗೂ ಮಾರದೆ ಖಾಲಿ ಬಿಡೋಣ.

ಅದರಿಂದ ನಾಳೆ ಗ್ರ್ಯಾಮಿ ಬರುವುದಿಲ್ಲ. ಬಹುಶಃ ಮುಂದೆಯೂ ಬರುವುದಿಲ್ಲ. ಮಗಳು ಡಾಕ್ಟರೋ ಎಂಜಿನಿಯರೋ ಆಗಿ, ಇದ್ದೂರು ಬಿಟ್ಟು ಬೇರೆ ಊರಿಗೆ ಹೋಗಬಹುದು. ಆಗ ಅವಳಿಗೆ ದುಃಖವೋ ಸಂತೋಷವೋ ಬಂದಾಗ ಅದನ್ನು ತನ್ನದೇ ಮಾತಿನಲ್ಲಿ ಹೇಳಿಕೊಳ್ಳಲು ಬಂದರೆ, ಅದನ್ನು ಹೇಳಲು ಮೊದಲು ನಮ್ಮ ಮನೆಗೇ ಫೋನ್ ಮಾಡಿದರೆ, ಅಷ್ಟು ಸಾಕು. ಇಂದು ಸಂಜೆ ಮಕ್ಕಳ ಕೋಣೆಯಿಂದ ಗೊಣಗಿದಂಥ ಸದ್ದು ಕೇಳಿಸಿದರೆ 'ವಾಲ್ಯೂಮ್ ಕಡಿಮೆ ಮಾಡು' ಎನ್ನುವ ಮೊದಲು ಒಂದು ಗಳಿಗೆ ಕಿವಿಗೊಡೋಣ. ಅದು ಬಿಲ್ಲಿಯ ಹಾಡೇ ಇರಬಹುದು. ನಮ್ಮ ಮಗುವಿನದೂ ಇರಬಹುದು.