ರಾವೂರ ಎಂದು ಸರಿಯಾಗಿ ಹೇಳಿದ ಧ್ವನಿಗೆ

ನಮ್ಮೂರಿನ ಹೆಸರು ರಾವೂರ. ಚಿತ್ತಾಪುರ ತಾಲ್ಲೂಕಿನಲ್ಲಿ, ವಾಡಿ ಜಂಕ್ಷನ್ನಿಗೆ ಹತ್ತಿರ ಇರುವ ಕಲ್ಲು ಖಣಿಗಳ ಊರು. ದೂರದವರು ಈ ಹೆಸರಿನ ಕೊನೆಗೆ ಒಂದು ಕೊಂಬು ಹಚ್ಚಿ ರಾವೂರು ಎನ್ನುತ್ತಾರೆ. ಹೇಳುವವರಿಗೆ ಅದು ಸಣ್ಣ ಮಾತು. ಕೇಳುವ ನಮಗೆ ಮಾತ್ರ, ಮನೆಯ ಮಗನನ್ನು ಯಾರೋ ಬೇರೆ ಹೆಸರು ಹಿಡಿದು ಕರೆದ ಹಾಗಾಗುತ್ತದೆ.

1987ರ ಮಳೆಗಾಲ. ನಾನು ಏಳನೇ ಇಯತ್ತೆಯಲ್ಲಿದ್ದೆ. ಹದಿನೈದು ಪೈಸೆಯ ಪೋಸ್ಟ್‌ಕಾರ್ಡಿನಲ್ಲಿ ಒಂದು ಹಾಡು ಕೇಳಿ ಕಲಬುರಗಿ ಆಕಾಶವಾಣಿಗೆ ಬರೆದು, ಮೂರು ವಾರ ಕಾದಿದ್ದೆ. ಕೋರಿಕೆ ಚಿತ್ರಗೀತೆಗಳ ಹೊತ್ತಿಗೆ ಅಪ್ಪ ಖಣಿಯಿಂದ ಬಂದು, ಕಾಲಿಗೆ ನೀರು ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದ. ರೇಡಿಯೊದಲ್ಲಿ ಆ ಹೆಣ್ಣುಧ್ವನಿ ಹೆಸರುಗಳನ್ನು ಓದುತ್ತ ಬಂತು: ಸೇಡಂ, ಸುಲೇಪೇಟ, ಭಂಕೂರ, ನಾಲವಾರ. ಆಮೇಲೆ ಒಂದು ಕ್ಷಣ ತಡೆದು, "ರಾವೂರದಿಂದ" ಎಂದಿತು. ನನ್ನ ಹೆಸರು, ಅಪ್ಪನ ಹೆಸರು, ತಂಗಿಯ ಹೆಸರು, ಓಣಿಯ ನಾಲ್ಕು ಗೆಳೆಯರ ಹೆಸರು. ನಾನು ಎದ್ದು ಕುಣಿದೆ. ಅಪ್ಪ ಕುಣಿಯಲಿಲ್ಲ. ಹೆಗಲ ಮೇಲಿನ ಟಾವೆಲಿನಿಂದ ಮುಖ ಒರೆಸಿಕೊಂಡು ಇಷ್ಟೇ ಹೇಳಿದ: "ಊರ ಹೆಸರು ಬರೋಬ್ಬರಿ ಹೇಳ್ಯಾಳ ನೋಡು, ತಮ್ಮಾ."

ಆ ಧ್ವನಿ ಈಗ ರೇಡಿಯೊದಲ್ಲಿ ಇಲ್ಲ. ವಯಸ್ಸಾಯಿತು, ನೌಕರಿಯ ಅವಧಿ ಮುಗಿಯಿತು, ಅವರು ನಿವೃತ್ತರಾದರು. ಅವರ ಕೊನೆಯ ಪಾಳಿಯ ದಿನ ನಾನು ಊರಲ್ಲಿರಲಿಲ್ಲ, ರೇಡಿಯೊ ಹಚ್ಚಲಿಲ್ಲ. ಅಂದು ಅವರು ಏನು ಹೇಳಿ ಮೈಕಿನ ಮುಂದಿನಿಂದ ಎದ್ದರೋ ನಾನು ಕೇಳಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ನಮ್ಮ ಮನೆಯೊಳಗೆ ಮಾತಾಡಿದವರು ಹೊರಟಾಗ ಬಾಗಿಲವರೆಗೆ ಹೋಗಿ ಕಳಿಸಲಾಗಲಿಲ್ಲ ಎಂಬ ನೋವಿಗೆ ಈ ಬರಹ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ನಮ್ಮ ಕಾರ್ಡುಗಳು ಶುರುವಾಗುತ್ತಿದ್ದುದು "ಅಕ್ಕನವರಿಗೆ" ಎಂದೇ. ಹಾಗೆಯೇ ಇರಲಿ.

ಅಪ್ಪ ಆ ಮಾತು ಹೇಳಿದ್ದು ಸುಮ್ಮನೆ ಅಲ್ಲ. ಶಹಾಬಾದ ಕಲ್ಲು ಪದರು ಪದರಾಗಿ ಮಲಗಿರುವ ಸುಣ್ಣಕಲ್ಲು. ಉಳಿಯನ್ನು ಪದರಿನ ಸಂದಿಗೆ ಸರಿಯಾಗಿ ಇಟ್ಟು ಹೊಡೆದರೆ ಹಾಳೆ ಎದ್ದಂತೆ ಫರಸಿ ಏಳುತ್ತದೆ, ತಪ್ಪಿದರೆ ಚೂರಾಗುತ್ತದೆ. ಹೊಡೆಯುವ ಮೊದಲು ಅಪ್ಪ ಸುತ್ತಿಗೆಯಿಂದ ಕಲ್ಲಿನ ಬೆನ್ನು ತಟ್ಟಿ ಕಿವಿಗೊಡುತ್ತಿದ್ದ. ಗಟ್ಟಿ ಕಲ್ಲು ಕಂಚಿನ ಹಾಗೆ ನಾದ ಕೊಡುತ್ತದೆ. ಒಳಗೆ ಬಿರುಕಿದ್ದರೆ ದನಿ ಒಡೆದು ಬೊದ್ದಾಗಿ ಕೇಳುತ್ತದೆ. ಓದು ಬಾರದ ಅಪ್ಪನಿಗೆ ಬದುಕೆಲ್ಲ ದನಿ ಕೇಳುವುದೇ ವಿದ್ಯೆ. ಅದೇ ಕಿವಿಯಿಂದ ರೇಡಿಯೊದವರನ್ನೂ ಕೇಳುತ್ತಿದ್ದ. ಯಾರಾದರೂ ಕಾಗದ ನೋಡಿ ಒಂದೇ ಉಸಿರಿಗೆ ಓದಿ ಮುಗಿಸಿದರೆ ಮುಖ ತಿರುಗಿಸುತ್ತಿದ್ದ. ಅಕ್ಕನವರ ಪಾಳಿ ಬಂದರೆ, "ಈ ದನಿಯೊಳಗ ಬಿರುಕಿಲ್ಲ" ಎನ್ನುತ್ತಿದ್ದ.

ನಮ್ಮ ಮನೆಯ ರೇಡಿಯೊಕ್ಕೆ ತೂತುಗಳಿದ್ದ ಚರ್ಮದ ಅಂಗಿ ಇತ್ತು. ಆ ತೂತುಗಳಲ್ಲಿ ಕಲ್ಲಿನ ಧೂಳು ಕೂತು, ಅವ್ವ ಹಬ್ಬಕ್ಕೊಮ್ಮೆ ಸೂಜಿಯಿಂದ ತೆಗೆಯುತ್ತಿದ್ದಳು. ಸೆಲ್ಲು ಇಳಿದರೆ ಬಿಸಿಲಿಗೆ ಇಟ್ಟು, ಇನ್ನೂ ಎರಡು ದಿನ ಎಳೆಯುತ್ತಿದ್ದೆವು. ಮಧ್ಯಮ ತರಂಗಾಂತರ 271 ಮೀಟರ್, ಅಂದರೆ 1107 ಕಿಲೋಹರ್ಟ್ಸ್: ಈ ಅಂಕಿಗಳು ನನಗೆ ಮಗ್ಗಿಗಿಂತ ಮೊದಲು ಬಾಯಿಗೆ ಬಂದವು. ರಾತ್ರಿಯಾದರೆ ದೂರದ ಕೇಂದ್ರಗಳು ಹೊಕ್ಕು ಗದ್ದಲ ಹಾಕುತ್ತಿದ್ದವು. ಆಗ ಪೆಟ್ಟಿಗೆಯನ್ನು ಮೆಲ್ಲಗೆ ತಿರುಗಿಸಬೇಕು. ಒಂದು ಕೋನದಲ್ಲಿ ಗದ್ದಲ ಹಿಂದೆ ಸರಿದು ಅಕ್ಕನವರ ಧ್ವನಿ ಮುಂದೆ ಬರುತ್ತಿತ್ತು. ಆ ಕೋನ ಗೋಡೆಯ ಮೇಲೆ ಇದ್ದಿಲಿನಿಂದ ಗುರುತು ಮಾಡಿಟ್ಟಿದ್ದೆ.

ಕಲಬುರಗಿಯಲ್ಲಿ ಆಕಾಶವಾಣಿ ಕೇಂದ್ರ ಬಂದದ್ದು 1966ರಲ್ಲಿ. ಅದಕ್ಕೂ ಮೊದಲು ಧಾರವಾಡದಲ್ಲಿ 1950ರಲ್ಲಿ, ಬೆಂಗಳೂರಿನಲ್ಲಿ 1955ರಲ್ಲಿ ಕೇಂದ್ರಗಳು ಬಂದಿದ್ದವು. ನಮ್ಮ ಹಿರಿಯರು ಹೈದರಾಬಾದಿನ ಉರ್ದು ಕೇಳಿ ಬೆಳೆದವರು. ತಮ್ಮ ಮಾತು ತಮ್ಮ ಜಿಲ್ಲೆಯಿಂದಲೇ ಗಾಳಿಗೆ ಏರುತ್ತದೆ ಎಂಬುದು ಅವರಿಗೆ ದೊಡ್ಡ ಸಂಗತಿ. ತೊಗರಿಗೆ ಕಾಯಿಕೊರಕ ಬಿದ್ದರೆ ಏನು ಸಿಂಪಡಿಸಬೇಕು, ಪೇಟೆಯಲ್ಲಿ ಧಾರಣಿ ಎಷ್ಟು, ಮಗುವಿಗೆ ಯಾವ ಲಸಿಕೆ ಯಾವಾಗ, ಇವೆಲ್ಲ ರೇಡಿಯೊದಿಂದಲೇ ಬರುತ್ತಿದ್ದವು. ತಜ್ಞರು ಹೇಳಿದ್ದನ್ನು ಕೊನೆಗೆ ಅಕ್ಕನವರು ಎರಡು ಮಾತಿನಲ್ಲಿ ತಿಳಿಯುವ ಹಾಗೆ ಹೇಳುತ್ತಿದ್ದರು. ನಮ್ಮವ್ವನಿಗೆ ನೆನಪಿರುತ್ತಿದ್ದುದು ಆ ಎರಡು ಮಾತುಗಳೇ.

ಅಣ್ಣನದು ಬೇರೆ ಹುಚ್ಚು. ಬುಧವಾರ ರಾತ್ರಿ ಎಂಟಕ್ಕೆ ಅವನು ಮುಳ್ಳನ್ನು ರೇಡಿಯೊ ಸಿಲೋನಿಗೆ ತಿರುಗಿಸುತ್ತಿದ್ದ. ಅಮೀನ್ ಸಯಾನಿಯವರ ಗೀತಮಾಲಾ: ಮೊದಲು ಬಿನಾಕಾ, ಮುಂದೆ ಸಿಬಾಕಾ. "ಬೆಹನೋ ಔರ್ ಭಾಯಿಯೋ" ಎಂದು ಅವರು ಕರೆದ ಕೂಡಲೇ ಓಣಿಯ ಉರ್ದು ಮನೆಗಳೂ ಕನ್ನಡ ಮನೆಗಳೂ ಲಂಬಾಣಿ ಮನೆಗಳೂ ಒಂದಾಗುತ್ತಿದ್ದವು. ಹಿಂದಿ ಸರಿಯಾಗಿ ಬಾರದ ನಮಗೂ ಅವರ ಮಾತು ತಿಳಿಯುತ್ತಿತ್ತು. ಕಾರಣ ನನಗೆ ಗೊತ್ತಾದದ್ದು ಬಹಳ ತಡವಾಗಿ. ಅವರ ತಾಯಿ ಕುಲ್ಸುಮ್ ಸಯಾನಿ ಗಾಂಧೀಜಿಯ ಹಾದಿಯವರು. ಹೊಸದಾಗಿ ಅಕ್ಷರ ಕಲಿತವರಿಗೆಂದು 'ರಹ್‌ಬರ್' ಎಂಬ ಪತ್ರಿಕೆಯನ್ನು ನಾಗರಿ, ಉರ್ದು, ಗುಜರಾತಿ ಲಿಪಿಗಳಲ್ಲಿ ಸರಳ ಹಿಂದೂಸ್ತಾನಿಯಲ್ಲಿ ತರುತ್ತಿದ್ದರು. ಆ ಪತ್ರಿಕೆಯ ಕೆಲಸಕ್ಕೆ ಕೈಜೋಡಿಸಿ ಬೆಳೆದ ಹುಡುಗ ಅಮೀನ್. ಓದು ಬಾರದವನಿಗೂ ತಿಳಿಯಬೇಕು ಎಂಬ ಪಾಠ ಅವರಿಗೆ ಮನೆಯಲ್ಲೇ ಸಿಕ್ಕಿತ್ತು.

1952ರಲ್ಲಿ ಶುರುವಾದ ಗೀತಮಾಲಾ ಮುಂಬೈಯಲ್ಲಿ ಧ್ವನಿಮುದ್ರಣವಾಗಿ, ಟೇಪು ವಿಮಾನದಲ್ಲಿ ಕೊಲಂಬೊಕ್ಕೆ ಹೋಗಿ, ಅಲ್ಲಿಂದ ಗಾಳಿಯಲ್ಲಿ ನಮ್ಮೂರಿಗೆ ಮರಳುತ್ತಿತ್ತು. ಆಗಿನ ವಾರ್ತಾ ಮತ್ತು ಪ್ರಸಾರ ಮಂತ್ರಿ ಬಿ.ವಿ. ಕೇಸ್ಕರ್ ಅವರಿಗೆ ಆಕಾಶವಾಣಿಯಲ್ಲಿ ಸಿನಿಮಾ ಹಾಡು ಬೇಡವಾಗಿತ್ತು. ಜನ ಮುಳ್ಳು ತಿರುಗಿಸಿ ಸಿಲೋನಿಗೆ ಹೋದರು. ಅವರನ್ನು ಮರಳಿ ಕರೆತರಲು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿತು. ಆ ಕಾಲದ ಕೋರಿಕೆ ಪತ್ರಗಳಿಂದಲೇ ಝುಮ್ರಿ ತಲೈಯಾ ಎಂಬ ಊರು ದೇಶಕ್ಕೆಲ್ಲ ಗೊತ್ತಾಯಿತು. ಅದು ಅಭ್ರಕದ ಗಣಿಗಳ ಊರು. ನೆಲ ಅಗೆದು ಬದುಕುವ ಊರಿನವರಿಗೆ ತಮ್ಮ ಹೆಸರು ಆಕಾಶದಿಂದ ಕೇಳಬೇಕೆಂಬ ಆಸೆ ಏಕೆ ಅಷ್ಟು ಬಲವಾಗಿರುತ್ತದೆ ಎಂದು ಯಾರಾದರೂ ಕೇಳಿದರೆ, ರಾವೂರದವನಾದ ನಾನು ಉತ್ತರ ಹೇಳಬಲ್ಲೆ. ನಮ್ಮ ಕಲ್ಲು ಊರೂರಿನ ಮನೆಗಳಿಗೆ ಹೋಗಿ ಹಾಸಾಗುತ್ತದೆ, ಅದರ ಮೇಲೆ ನಡೆಯುವವರಿಗೆ ಅದನ್ನು ಎಬ್ಬಿಸಿದವನ ಹೆಸರು ಗೊತ್ತಿರುವುದಿಲ್ಲ. ರೇಡಿಯೊ ಒಂದೇ ಆ ಹೆಸರನ್ನು ಕೇಳಿ ತಿಳಿದುಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿತು.

ಅಮೀನ್ ಸಯಾನಿಯವರು 2024ರ ಫೆಬ್ರುವರಿ 20ರಂದು ತೀರಿಕೊಂಡಾಗ ಅವರಿಗೆ ತೊಂಬತ್ತೊಂದು ವರ್ಷ. ಪ್ರಧಾನಿಯಿಂದ ಹಿಡಿದು ಪಾನ್ ಅಂಗಡಿಯವನವರೆಗೆ ದೇಶವೇ ಅವರನ್ನು ನೆನೆಯಿತು. ಅಣ್ಣ ಅಂದು ಊಟ ಬಿಟ್ಟ. ಆ ಗೌರವ ಅವರಿಗೆ ಸಲ್ಲಬೇಕಾದದ್ದೇ. ಆದರೆ ನನ್ನ ಮನಸ್ಸಿಗೆ ಅಂದೇ ಬಂದ ಪ್ರಶ್ನೆ ಇದು: ದೇಶಕ್ಕೆಲ್ಲ ಮಾತಾಡಿದವರಿಗೆ ದೇಶ ವಿದಾಯ ಹೇಳಿತು. ಒಂದು ಜಿಲ್ಲೆಗೆ ಮಾತಾಡಿದವರಿಗೆ ವಿದಾಯ ಹೇಳಬೇಕಾದವರು ಯಾರು? ಆ ಜಿಲ್ಲೆಯವರೇ, ಅಂದರೆ ನಾವೇ. ಕಲಬುರಗಿಯ, ಧಾರವಾಡದ, ಮಂಗಳೂರಿನ, ಭದ್ರಾವತಿಯ ಉದ್ಘೋಷಕರು ಅರುವತ್ತು ತುಂಬಿದ ತಿಂಗಳ ಕೊನೆಗೆ ಮನೆಗೆ ಹೋಗುತ್ತಾರೆ. ಮಾರನೆಯ ಬೆಳಿಗ್ಗೆ ಅದೇ ಸಂಕೇತ ಸಂಗೀತ, ಅದೇ ಸಮಯ, ಬೇರೆ ಧ್ವನಿ. ಕೇಳುಗ ಕೆಲವು ದಿನ ರಜೆಯಿರಬೇಕು ಎಂದುಕೊಳ್ಳುತ್ತಾನೆ. ಆಮೇಲೆ ತಾನೇ ತಿಳಿದುಕೊಳ್ಳುತ್ತಾನೆ.

ನನ್ನ ಮೊದಲ ಬೇಡಿಕೆ ಸರಳ. ಸರ್ಕಾರಿ ರೇಡಿಯೊದಲ್ಲಿ ದಿನದ ಪ್ರತಿ ನಿಮಿಷಕ್ಕೂ ಕ್ಯೂ ಶೀಟ್ ಇರುತ್ತದೆ. ಉದ್ಘೋಷಕರೊಬ್ಬರು ನಿವೃತ್ತರಾಗುವ ದಿನ ಆ ಹಾಳೆಯಲ್ಲಿ ಒಂದು ಗಂಟೆ ಅವರ ಹೆಸರಿಗೆ ಬರೆಯಿರಿ. ಅವರು ತಮ್ಮ ಹೆಸರು ಹೇಳಲಿ, ಇಷ್ಟದ ಹಾಡು ಹಾಕಲಿ, ಕೇಳುಗರ ಫೋನು ತೆಗೆದುಕೊಳ್ಳಲಿ. ಇದು ಎಲ್ಲ ಕೇಂದ್ರಗಳಿಗೂ ಅನ್ವಯಿಸುವ ಪದ್ಧತಿಯಾಗಲಿ. ಒಂದು ವಾರ ಮುಂಚೆ ಸಾರಿ ಹೇಳಿದರೆ ನನ್ನಂಥವರು ಎಲ್ಲಿದ್ದರೂ ಕಿವಿಗೊಡುತ್ತೇವೆ. ಆ ಗಂಟೆಯ ಧ್ವನಿಮುದ್ರಣವನ್ನು ಜೋಪಾನ ಮಾಡಿ ಇಡಿ. ನಾಟಕ, ಸಂಗೀತ, ಭಾಷಣಗಳ ಟೇಪು ಉಳಿಯುತ್ತದೆ. ಉದ್ಘೋಷಣೆ ಬಾಯಿಂದ ಹೊರಟ ಗಳಿಗೆಯಲ್ಲೇ ಗಾಳಿಗೆ ಹೋಗುತ್ತದೆ. ಮೂವತ್ತು ವರ್ಷ ಮಾತಾಡಿದವರ ಒಂದು ಗಂಟೆಯಾದರೂ ನಮ್ಮ ಮೊಮ್ಮಕ್ಕಳಿಗೆ ಕೇಳಲಿ.

ಎರಡನೆಯದು ದೊಡ್ಡ ಬೇಡಿಕೆ. ಆಕಾಶವಾಣಿಯಲ್ಲಿ ಕಾಯಂ ಉದ್ಘೋಷಕರ ನೇಮಕಾತಿ ದಶಕಗಳಿಂದ ಹೆಚ್ಚುಕಡಿಮೆ ನಿಂತೇ ಹೋಗಿದೆ. ಒಬ್ಬರು ಹೋದ ಜಾಗಕ್ಕೆ ಕಾಯಂ ಆಗಿ ಮತ್ತೊಬ್ಬರು ಬರುತ್ತಿಲ್ಲ. ಕೇಂದ್ರಗಳನ್ನು ನಡೆಸುತ್ತಿರುವವರಲ್ಲಿ ಹೆಚ್ಚಿನವರು ಹಂಗಾಮಿ ಉದ್ಘೋಷಕರು. ಅವರಿಗೆ ತಿಂಗಳಿಗೆ ಆರು ಪಾಳಿಯ ಮಿತಿ. ಆರು ಪಾಳಿಯ ದುಡ್ಡಿನಲ್ಲಿ ಸಂಸಾರ ನಡೆಯುವುದಿಲ್ಲ. ಹಾಗಾಗಿ ಚಲೋ ಧ್ವನಿಯ ಹುಡುಗ ಹುಡುಗಿಯರು ನಾಲ್ಕು ವರ್ಷ ಇದ್ದು, ಬೇರೆ ನೌಕರಿ ಹುಡುಕಿಕೊಂಡು ಹೋಗುತ್ತಾರೆ. ಒಂದು ಧ್ವನಿ ಊರಿನವರ ಕಿವಿಗೆ ಒಗ್ಗಲು ವರ್ಷಗಳು ಬೇಕು. ಒಗ್ಗುವ ಹೊತ್ತಿಗೆ ಅದು ಇರುವುದಿಲ್ಲ.

ಹೀಗೆ ಖಾಲಿಯಾದ ಹೊತ್ತನ್ನು ತುಂಬಲು ಸುಲಭದ ದಾರಿ ಮರುಪ್ರಸಾರ. ದೂರದ ಒಂದು ಕೇಂದ್ರ ಮಾತಾಡುತ್ತದೆ, ಉಳಿದವು ದಾಟಿಸುತ್ತವೆ. ಆ ಕಾರ್ಯಕ್ರಮ ಚೆನ್ನಾಗಿಯೇ ಇರಬಹುದು. ಆದರೆ ಕಾಗಿಣಾ ಹೊಳೆ ತುಂಬಿ ಮಳಖೇಡದ ಹತ್ತಿರ ಸೇತುವೆಯ ಮೇಲೆ ನೀರು ಬಂದ ರಾತ್ರಿ, ಸೇಡಂಗೆ ಹೋಗುವವರು ಎಲ್ಲಿ ನಿಲ್ಲಬೇಕು ಎಂದು ಹೇಳಲು ಆ ದಾರಿಯಲ್ಲಿ ಓಡಾಡಿದವರೇ ಬೇಕು. ಐನಾಪುರ ಚಿಂಚೋಳಿ ಕಡೆಯದೋ ಬೇರೆಯದೋ, ಇಂಗಳಗಿ ಎಂದರೆ ವಾಡಿ ಹತ್ತಿರದ್ದೋ ಇನ್ನೊಂದೋ ಎಂದು ಕಾಗದ ನೋಡದೆ ಗೊತ್ತಿರಬೇಕು. ಸಂವಿಧಾನದ 371(ಜೆ) ಕಲಮು ಬಂದ ಮೇಲೆ ನಮ್ಮ ಭಾಗದ ಮಕ್ಕಳಿಗೆ ರಾಜ್ಯ ಸರ್ಕಾರದ ನೌಕರಿಯಲ್ಲಿ ಪಾಲು ಸಿಕ್ಕಿದೆ. ಆಕಾಶವಾಣಿ ಕೇಂದ್ರ ಸರ್ಕಾರದ ಕಡೆಯದು, ಆ ಕಲಮು ಅಲ್ಲಿಗೆ ಮುಟ್ಟುವುದಿಲ್ಲ. ನೌಕರಿಯ ಲೆಕ್ಕ ಬದಿಗಿಟ್ಟು ಕೇಳುಗನ ಲೆಕ್ಕವಾದರೂ ಹಾಕಿ: ಈ ನೆಲದ ಮಾತು ಬಲ್ಲವರನ್ನು ಈ ನೆಲದ ಮೈಕಿನ ಮುಂದೆ ಕಾಯಂ ಆಗಿ ಕೂರಿಸಿ.

ಈಗ ಯಾರು ರೇಡಿಯೊ ಕೇಳುತ್ತಾರೆ ಎನ್ನುವವರಿಗೆ ಒಂದು ಮಾತು. ನನ್ನ ಚಿಕ್ಕಪ್ಪನ ಮಗ ಪುಣೆಯಲ್ಲಿ ಕಟ್ಟಡದ ಕೆಲಸಕ್ಕಿದ್ದಾನೆ. ನಮ್ಮ ಸೀಮೆಯಿಂದ ದುಡಿಯಲು ಪುಣೆ, ಮುಂಬೈಗೆ ಹೋದವರು ಮನೆಗೊಬ್ಬರು ಸಿಗುತ್ತಾರೆ. ಅವನ ಮೊಬೈಲಿನಲ್ಲಿ ಆಕಾಶವಾಣಿಯ ಆ್ಯಪ್ ಇದೆ. ದೇಶದ ಇನ್ನೂರಕ್ಕೂ ಹೆಚ್ಚು ವಾಹಿನಿಗಳು ಅದರಲ್ಲಿ ಬರುತ್ತವೆ, ಅವನು ಹಚ್ಚುವುದು ಕಲಬುರಗಿಯನ್ನು. ಹಾಡು ಎಲ್ಲಿಯೂ ಸಿಗುತ್ತದೆ. ತೊಗರಿ ಹೂ ಬಿಟ್ಟಿತೇ, ಮಳೆಯಾಯಿತೇ, ನಾಲವಾರದ ಜಾತ್ರೆ ಯಾವಾಗ ಎಂದು ಮನೆಯ ದನಿಯಲ್ಲಿ ಹೇಳುವವರು ಬೇರೆ ಎಲ್ಲಿಯೂ ಇಲ್ಲ. ಒಮ್ಮೆ ಅವನೇ ಫೋನು ಮಾಡಿ ಕೇಳಿದ: "ಅಕ್ಕನೋರ ಧ್ವನಿ ಯಾಕ ಕೇಳವಲ್ದು?" ನಿವೃತ್ತಿಯ ಸುದ್ದಿ ನನಗೆ ಮುಟ್ಟಿದ್ದೂ ಹಾಗೆಯೇ, ಪುಣೆಯಿಂದ.

ಅಪ್ಪ ಹೋಗಿ ಹನ್ನೊಂದು ವರ್ಷವಾಯಿತು. ಖಣಿಯ ಧೂಳು ಅವನ ಎದೆಯೊಳಗೂ ಕೂತಿತ್ತು. ಕೊನೆಯ ತಿಂಗಳುಗಳಲ್ಲಿ ಕಣ್ಣು ಮುಚ್ಚಿ ಮಲಗಿರುತ್ತಿದ್ದ. ಬಂದವರು ಮಾತಾಡಿಸಿದರೆ ಉತ್ತರಿಸಲು ಉಸಿರು ಸಾಲುತ್ತಿರಲಿಲ್ಲ. ತಲೆದಿಂಬಿನ ಹತ್ತಿರ ರೇಡಿಯೊ ಇಟ್ಟಿದ್ದೆವು. ಉತ್ತರ ಬೇಡದೆ ಅವನ ಜೊತೆ ಮಾತಾಡುತ್ತಿದ್ದವರು ಅಕ್ಕನವರು ಒಬ್ಬರೇ. ಅವರ ಪಾಳಿ ಮುಗಿದು "ನಮಸ್ಕಾರ" ಎಂದಾಗ ಅಪ್ಪ ಹಾಸಿಗೆಯ ಮೇಲೆ ಎರಡು ಬೆರಳು ಎತ್ತುತ್ತಿದ್ದ. ಅದು ಅವನ ಮರುನಮಸ್ಕಾರ. ಅವರಿಗೆ ಅದು ಕಾಣುವಂತಿರಲಿಲ್ಲ. ಅದನ್ನು ತಿಳಿಸಬೇಕೆಂದು ಎಷ್ಟೋ ಸಲ ಅಂದುಕೊಂಡೆ, ತಿಳಿಸಲಿಲ್ಲ.

ಮೊನ್ನೆ ವಾಡಿಯ ಅಂಚೆ ಕಚೇರಿಯಲ್ಲಿ ಪೋಸ್ಟ್‌ಕಾರ್ಡ್ ಕೇಳಿದೆ. ಈಗ ಐವತ್ತು ಪೈಸೆ. ಎರಡು ತೆಗೆದುಕೊಂಡೆ. ಒಂದರಲ್ಲಿ "ಅಕ್ಕನವರಿಗೆ" ಎಂದು ಶುರು ಮಾಡಿ ಆ ಎರಡು ಬೆರಳಿನ ಸಂಗತಿ ಬರೆದೆ. ಹಾಡು ಏನೂ ಕೇಳಿಲ್ಲ. ಇನ್ನೊಂದು ಅವರ ಕುರ್ಚಿಯಲ್ಲಿ ಕೂರುವ ಹೊಸಬರಿಗೆ. ಅದರಲ್ಲಿ ಒಂದು ಹಾಡು ಕೇಳಿದ್ದೇನೆ. ಕೆಳಗೆ ನನ್ನ ಹೆಸರು, ಅಪ್ಪನ ಹೆಸರು, ಊರಿನ ಹೆಸರು. ಊರಿನ ಹೆಸರಿನ ಕೆಳಗೆ ಒಂದು ಗೆರೆ ಎಳೆದಿದ್ದೇನೆ.