ಹಳೆ ಅರಿವೆಗೆ ಭಾಂಡೆ

ಪರೀಕ್ಷೆ ಮುಗಿದು ಬೇಸಿಗೆ ರಜೆ ಬಂತೆಂದರೆ ಟ್ರಂಕಿನ ತಳ ಕಾಣುವ ಕಾಲ. ಮಗನ ಪ್ಯಾಂಟು ಗಿಡ್ಡವಾಗಿರುತ್ತದೆ, ಮಗಳ ಚೂಡಿದಾರ ಬಿಗಿಯಾಗಿರುತ್ತದೆ, ಯಜಮಾನರ ಎರಡು ಅಂಗಿಗಳು ಕಾಲರು ತಿರುಗಿಸಿ ಹೊಲಿಸುವ ಹಂತವನ್ನೂ ದಾಟಿರುತ್ತವೆ. ಮೆತ್ತಗಾದ ಹತ್ತಿ ಸೀರೆಗಳು ಕೌದಿಗೆಂದು ಒಂದು ಕಡೆ. ಉಳಿದದ್ದೆಲ್ಲ ಗಂಟಾಗಿ ಮೂಲೆಗೆ. ಕುಪ್ಪೇಲೂರಿನಂಥ ಊರುಗಳಲ್ಲಿ ಆ ಗಂಟು ಕಾಯುವುದು ಒಂದು ಕೂಗಿಗಾಗಿ: "ಹಳೇ ಅರಿವೀಗೆ ಭಾಂಡೇ..."

ಬುಟ್ಟಿ ತುಂಬ ಸ್ಟೀಲಿನ ಬೋಗೋಣಿ, ಡಬ್ಬಿ, ತಾಟು ಹೊತ್ತು ಬಿಸಿಲಲ್ಲಿ ಬರುವ ಈ ಹೆಂಗಸಿನೊಂದಿಗೆ ನಮ್ಮ ನಡವಳಿಕೆ ಹೇಗಿರುತ್ತದೆ? ರಾಣೆಬೆನ್ನೂರಿನ ಅಂಗಡಿಯಲ್ಲಿ ಹೇಳಿದ ಬೆಲೆಗೆ ತಲೆಯಾಡಿಸಿ ಹಣ ಎಣಿಸಿ ಬರುವ ನಾವು, ಈಕೆ ಕಟ್ಟೆಯ ಮೇಲೆ ಬುಟ್ಟಿ ಇಳಿಸಿದ ಕೂಡಲೇ ಬೇರೆ ಮನುಷ್ಯರಾಗುತ್ತೇವೆ.

"ಈ ಬೋಗೋಣಿಗೆ ಇಷ್ಟ ಸಾಲಂಗಿಲ್ರೀ ಅವ್ವಾರ, ಇನ್ನೊಂದು ಪ್ಯಾಂಟ್ ಹಾಕ್ರಿ."

"ಅಯ್ಯ, ಹೊಸಾವು ಇದ್ದಂಗ ಅದಾವು. ಪುಕ್ಕಟೆ ಕೊಟ್ಟಂಗ ಕೊಡಾಕತ್ತೀನಿ, ಮತ್ತ ಬಾಯಿ ಮಾಡ್ತೀಯಲ್ಲ!"

ಗಮನಿಸಿ: ಆಕೆಯ ಮಾತಿನಲ್ಲಿ 'ರೀ' ಇದೆ, ನಮ್ಮದರಲ್ಲಿ ಇಲ್ಲ. ಪಕ್ಕದಲ್ಲಿ ನಿಂತ ಮಗು ಇದನ್ನೂ ಕಲಿಯುತ್ತದೆ. ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಒಯ್ದಾಗ ಖರೀದಿದಾರ ನಮ್ಮ ಚೀಲದ ಕಾಯಿ ಮುರಿದು ನೋಡಿ ಮುಖ ಸಿಂಡರಿಸಿದರೆ ಮನೆಗೆ ಬಂದು ಎರಡು ದಿನ ಅದೇ ಮಾತಾಡುತ್ತೇವೆ. ಆ ನೋವು ತಿಳಿದವರೇ ಇಲ್ಲಿ ಖರೀದಿದಾರರ ಗತ್ತು ತೋರಿಸುತ್ತೇವೆ.

ಈ ವ್ಯವಹಾರದಲ್ಲಿ ಕೊಳ್ಳುವವರು ಯಾರು, ಮಾರುವವರು ಯಾರು ಎಂದು ಕಾಮರ್ಸ್ ಓದುವ ಹುಡುಗರನ್ನು ಕೇಳಬೇಕು. 1930ರ ಸರಕು ಮಾರಾಟ ಕಾಯಿದೆಯ ಪ್ರಕಾರ ಮಾರಾಟವೆಂದರೆ ಬೆಲೆ ಬೇಕು, ಬೆಲೆಯೆಂದರೆ ಹಣ. ಇಲ್ಲಿ ಹಣವೇ ಇಲ್ಲ. ವಸ್ತುವಿಗೆ ವಸ್ತು ಕೊಡುವುದನ್ನು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 118ನೆಯ ಕಲಮು 'ವಿನಿಮಯ' ಎಂದು ಕರೆಯುತ್ತದೆ. 120ನೆಯ ಕಲಮು ಹೇಳುವುದು ಇನ್ನೂ ಸೊಗಸು: ಪ್ರತಿಯೊಬ್ಬರೂ ತಾವು ಕೊಡುವ ವಸ್ತುವಿನ ಮಟ್ಟಿಗೆ ಮಾರಾಟಗಾರರು, ತೆಗೆದುಕೊಳ್ಳುವ ವಸ್ತುವಿನ ಮಟ್ಟಿಗೆ ಖರೀದಿದಾರರು. ಅಂದರೆ ಕಟ್ಟೆಯ ಮೇಲೆ ಕೂತ ಇಬ್ಬರೂ ಸಮ. 'ಪುಕ್ಕಟೆ ಕೊಟ್ಟಂಗ' ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ.

ಆಕೆ "ಇನ್ನೊಂದು ಹಾಕ್ರಿ" ಎನ್ನುವುದಕ್ಕೂ ಲೆಕ್ಕವಿದೆ. ಗುಂಡಿ ಇಲ್ಲದ ಅಂಗಿಗೆ ಗುಂಡಿ ಬೇಕು, ಕೆಟ್ಟ ಜಿಪ್ಪಿಗೆ ಜಿಪ್ಪು ಬೇಕು. ಒಗೆದು, ಇಸ್ತ್ರಿ ಹಾಕಿದ ಮೇಲೆಯೇ ಅದು ಸಂತೆಯಲ್ಲಿ ಮತ್ತೆ ಅಂಗಿ. ಹರಿದದ್ದು ಗ್ಯಾರೇಜಿನಲ್ಲಿ ಎಣ್ಣೆ ಒರೆಸುವ ಚಿಂದಿ. ದೆಹಲಿಯ ರಘುಬೀರ್ ನಗರದಲ್ಲಿ ಗುಜರಾತು ಮೂಲದ ವಾಘ್ರಿ ಹೆಂಗಸರು ಹೀಗೆ ಭಾಂಡೆ ಕೊಟ್ಟು ತಂದ ಬಟ್ಟೆಗಳನ್ನು ಬೆಳಕು ಹರಿಯುವ ಮೊದಲೇ ಹರಡಿಕೊಂಡು ಕೂರುವ ದೊಡ್ಡ ಪೇಟೆಯೇ ಇದೆ. ಹಳೆ ಉಣ್ಣೆಯ ಬಟ್ಟೆಗಳು ಹರಿಯಾಣದ ಪಾಣಿಪತ್ತಿನ ಗಿರಣಿಗಳಲ್ಲಿ ಎಳೆಎಳೆಯಾಗಿ ಬಿಚ್ಚಿ ಕಂಬಳಿಯಾಗುತ್ತವೆ. ಇಷ್ಟೆಲ್ಲ ಕೈ ದಾಟುವ ವಸ್ತುವಿನಲ್ಲಿ ಮೊದಲ ಕೈಯೇ ಮೋಸ ಮಾಡಬಾರದು. ಒಗೆದು ಒಣಗಿಸಿ ಕೊಡಿ. ಹರಿದದ್ದನ್ನು ಒಳ್ಳೆಯದರ ಮಡಿಕೆಯಲ್ಲಿ ಸೇರಿಸಬೇಡಿ, ಹರಿದಿದೆ ಎಂದು ನೀವೇ ಹೇಳಿ. ಕಿಸೆ ನೋಡಿ. ಕೊಳ್ಳುವ ಮನಸ್ಸಿಲ್ಲದಿದ್ದರೆ ಹೊತ್ತು ಹೋಗಲೆಂದು ಬುಟ್ಟಿ ಇಳಿಸಬೇಡಿ. ಅದನ್ನು ಮತ್ತೆ ತಲೆಗೇರಿಸುವುದು ಹಗುರವಲ್ಲ.

ಆಕೆಗೂ ಮರ್ಯಾದೆಯ ಗೆರೆ ಉಂಟು. ಮಾತು ಮುಗಿದ ಮೇಲೆ ದಪ್ಪ ಬೋಗೋಣಿ ಒಳಗಿಟ್ಟು ತೆಳುವಾದದ್ದನ್ನು ಕೊಡುವುದು, ಹಗ್ಗದ ಮೇಲಿನ ಬಟ್ಟೆಗೆ ಕೈಹಾಕಿ "ಇದನ್ನೂ ಕೊಡ್ರಿ" ಎನ್ನುವುದು ತಪ್ಪೇ. ಇನ್ನು ಜರಿ ಸೀರೆಯ ವಿಷಯ. ಅಪ್ಪಟ ಜರಿ ಎಂದರೆ ರೇಷ್ಮೆ ನೂಲಿಗೆ ಸುತ್ತಿದ ಬೆಳ್ಳಿಯ ಎಳೆ, ಅದರ ಮೇಲೆ ಚಿನ್ನದ ಲೇಪ. ಸೀರೆ ಪಿಸಿದು ಹೋದರೂ ಬೆಳ್ಳಿಗೆ ಬೆಲೆ ಇದ್ದೇ ಇರುತ್ತದೆ. ಅಜ್ಜಿಯ ಮದುವೆ ಸೀರೆಯನ್ನು ಒಂದು ಡಬ್ಬಿಗೆ ಕೊಡುವ ಮೊದಲು ತಿಳಿದವರಿಗೆ ತೋರಿಸಿ. ಅಜ್ಜಿಯನ್ನೂ ಕೇಳಿ. ಹಾಗೆಯೇ ಮಕ್ಕಳ ಅರಿವೆ ಕೊಡುವಾಗ ಮಕ್ಕಳನ್ನು ಕೇಳುವ ರೂಢಿ ನಮ್ಮಲ್ಲಿ ಬಹಳ ಕಡಿಮೆ. ಅವರಿಗೂ ಒಂದು ಅಂಗಿಯ ಮೇಲೆ ಜೀವ ಇರುತ್ತದೆ.

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಪ್ರಸಂಗ ಹೇಳಬೇಕು. ಊರು, ಶಾಲೆಯ ಹೆಸರು ಬೇಡ. ಗ್ಯಾದರಿಂಗ್ ದಿನ ಹತ್ತನೆಯ ಇಯತ್ತೆಯ ಒಬ್ಬ ಹುಡುಗಿ ಸಂತೆಯಲ್ಲಿ ಕೊಂಡ ಚೂಡಿದಾರ ತೊಟ್ಟು ಬಂದಳು. ತೋಳಿನ ಮೇಲೆ ಕಸೂತಿಯ ಗಿಳಿ. ಗೆಳತಿಯೊಬ್ಬಳು ನೋಡಿದವಳೇ, "ಏ, ಇದು ನಂದು! ಈ ಗಿಳಿ ನಮ್ಮ ಚಿಗವ್ವ ಹಾಕಿದ್ದು" ಎಂದಳು. ಅವಳ ಮನಸ್ಸಿನಲ್ಲಿ ಕೆಡುಕಿರಲಿಲ್ಲ, ಹಳೆಯದನ್ನು ಕಂಡ ಖುಷಿ ಅಷ್ಟೆ. ಸುತ್ತ ನಿಂತವರು ನಕ್ಕರು. ಚೂಡಿದಾರ ತೊಟ್ಟವಳು ನೃತ್ಯದ ಸಾಲಿನಿಂದ ಇಳಿದು ಮನೆಗೆ ಹೋದಳು, ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. ಪರೀಕ್ಷೆಗೆ ಎರಡೇ ತಿಂಗಳಿತ್ತು. ನಾಲ್ಕನೆಯ ದಿನ ಗುರುಮಾತೆಯೊಬ್ಬರು ಮನೆತನಕ ಹೋಗಿ ಕರೆತರಬೇಕಾಯಿತು.

'ನಂದು' ಎಂಬ ಮಾತು ಭಾವನೆಗೆ ಸರಿ, ಲೆಕ್ಕಕ್ಕೆ ತಪ್ಪು. ಅದನ್ನು ಕೊಟ್ಟು ಅವರ ಮನೆಯವರು ಡಬ್ಬಿ ಪಡೆದಾಗಿತ್ತು. ಆಮೇಲೆ ಅದು ಭಾಂಡೇದಾಕಿಯದು, ಆ ತಾಯಿ ಕೂಲಿಯ ಹಣ ಎಣಿಸಿಕೊಟ್ಟ ಮೇಲೆ ಈ ಹುಡುಗಿಯದು. ಯಾರ ಮೈಮೇಲಾದರೂ ನಿಮ್ಮ ಹಳೆಯ ಅರಿವೆ ಕಂಡರೆ ಗುರುತು ಹಿಡಿಯಬೇಡಿ. ಮನೆಗೆ ಬಂದು ಅವ್ವನಿಗೆ ಹೇಳುವುದೂ ಬೇಡ, ಅವ್ವ ನೆರೆಮನೆಗೆ ಹೇಳುತ್ತಾಳೆ. ಪಾಲಕರು ಕೊಡುವ ಮೊದಲೇ ಹೆಸರು ಹೊಲಿದ ಪಟ್ಟಿ, ಶಾಲೆಯ ಬ್ಯಾಡ್ಜು ಬಿಚ್ಚಿಬಿಡುವುದು ಒಳ್ಳೆಯದು. ಸಂತೆಯಲ್ಲಿ ಕೊಳ್ಳುವವರು ಹೊಲಿಗೆ, ಕಂಕುಳು, ಮೊಣಕಾಲು ಬಿಸಿಲಿಗೆ ಹಿಡಿದು ನೋಡಲಿ, ಅದು ಹಕ್ಕು; "ಯಾರ್ದಿದು?" ಎಂದು ಕೇಳುವುದು ಬೇಡ.

ಸಮವಸ್ತ್ರದ ಬಗ್ಗೆ ಪಾಲಕರು ಕೇಳುವುದುಂಟು. ಸರಕಾರಿ ಶಾಲೆಯವರಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಬಟ್ಟೆ ಸಿಗುತ್ತದೆ. ಖಾಸಗಿ ಶಾಲೆಯವರು ದೊಡ್ಡ ಮಕ್ಕಳದನ್ನು ಸಣ್ಣವರಿಗೆ ದಾಟಿಸುತ್ತಾರೆ. ಸುಮ್ಮನೆ ಕೊಡುವುದಾದರೆ ಸುಮ್ಮನೆ ಕೊಡಿ, ವರ್ಷವಿಡೀ ನೆನಪಿಸಬೇಡಿ. ದುಡ್ಡಿಗಾದರೆ ಮೊದಲೇ ಬೆಲೆ ಹೇಳಿ. "ಏನರ ಕೊಡ್ರಿ" ಎನ್ನುವ ಮಾತು ಕೇಳಲು ಮೃದು, ಆದರೆ ಕೊಳ್ಳುವವರನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತದೆ: ಕಡಿಮೆ ಕೊಟ್ಟರೆ ಜಿಪುಣತನ, ಹೆಚ್ಚು ಕೊಟ್ಟರೆ ಹೊಟ್ಟೆಯುರಿ. ಕೊಳ್ಳುವವರು ಮಗುವನ್ನು ಕರೆದೊಯ್ದು ಅಳತೆ ನೋಡಲಿ. ಶಾಲೆ ಶುರುವಾಗುವುದಕ್ಕೆ ಹದಿನೈದು ದಿನ ಮೊದಲೇ ಕೇಳಿದರೆ ಅವರಿಗೂ ಒಗೆದು, ಗುಂಡಿ ಹಚ್ಚಿ ಇಡಲು ಹೊತ್ತು ಸಿಗುತ್ತದೆ.