ಭಯದ ಪಟ್ಟಿಯೂ ಮನಸ್ಸಿನ ಪಟ್ಟಿಯೂ

ನೀಟ್ ಪರೀಕ್ಷೆಯ ಫಲಿತಾಂಶವು ಪ್ರಕಟವಾದೊಡನೆ ಉಡುಪಿ, ಕಾಪು, ಕಾರ್ಕಳಗಳ ಅನೇಕ ಮನೆಗಳಲ್ಲಿ ಹೊಸದೊಂದು ಚಿಂತೆ ಮೊದಲಾಗುತ್ತದೆ. ರ‍್ಯಾಂಕು ತಿಳಿಯಿತು, ಇನ್ನು ಕಾಲೇಜುಗಳ ಹೆಸರುಗಳನ್ನು ಯಾವ ಅನುಕ್ರಮದಲ್ಲಿ ಬರೆದುಕೊಡಬೇಕು? "ದೊಡ್ಡ ಕಾಲೇಜನ್ನು ಮೊದಲು ಬರೆದರೆ ಸಿಗುವುದೂ ಕೈತಪ್ಪೀತು, ಖಂಡಿತವಾಗಿ ಸಿಗುವಂಥದನ್ನೇ ಮೊದಲು ಬರೆ" ಎಂದು ಹಿತೈಷಿಗಳು ಹೇಳುತ್ತಾರೆ. ಹಣ ಪಡೆದು ಇದೇ ಬುದ್ಧಿಯನ್ನು ಹೇಳುವವರೂ ಇದ್ದಾರೆ. ಈ ಉಪದೇಶವು ತಪ್ಪೆಂದೂ, ಅದೇಕೆ ತಪ್ಪೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕಹಾಕಿ ತಿಳಿಯಬಲ್ಲರೆಂದೂ ನಾವು ನಂಬುತ್ತೇವೆ.

ಮೊದಲಾಗಿ, ಪಟ್ಟಿ ಕೊಡಬೇಕಾದ ಬಾಗಿಲುಗಳು ಎರಡು. ರಾಜ್ಯದ ಸರಕಾರಿ ಕಾಲೇಜುಗಳಲ್ಲಿ ಶೇಕಡ 15ರಷ್ಟು ಸೀಟುಗಳನ್ನೂ ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳನ್ನೂ ದೆಹಲಿಯ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿಯು ಹಂಚುತ್ತದೆ. ಸರಕಾರಿ ಕಾಲೇಜುಗಳ ಉಳಿದ ಸೀಟುಗಳನ್ನೂ ಇತರ ಖಾಸಗಿ ಕಾಲೇಜುಗಳ ಸೀಟುಗಳನ್ನೂ ಬೆಂಗಳೂರಿನ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಹಂಚುತ್ತದೆ. ಡಾ. ಟಿ. ಎಂ. ಎ. ಪೈಯವರು 1953ರಲ್ಲಿ ಮಣಿಪಾಲದಲ್ಲಿ ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಈಗ ಡೀಮ್ಡ್ ವಿಶ್ವವಿದ್ಯಾಲಯವೊಂದರ ಅಂಗ. ಆದುದರಿಂದ ಮಣಿಪಾಲದ ಗುಡ್ಡವನ್ನು ದಿನವೂ ಕಾಣುವ ಉಡುಪಿಯ ಹುಡುಗಿಯೂ ಅಲ್ಲಿಯ ಸೀಟನ್ನು ದೆಹಲಿಯ ಪಟ್ಟಿಯ ಮೂಲಕವೇ ಕೇಳಬೇಕು.

ಗಣಕಯಂತ್ರವು ಸೀಟು ಹಂಚುವ ಬಗೆ ಹೇಗೆ? ಕಾರ್ಕಳದ ಬಸ್ಸಿಗೆ ಜನರು ಸಾಲಾಗಿ ನಿಂತು ಒಬ್ಬೊಬ್ಬರಾಗಿ ಹತ್ತುವರೆಂದು ಭಾವಿಸೋಣ. ಮುಂದಿನವನು ತನಗೆ ಬೇಕಾದ ಸ್ಥಳದಲ್ಲಿ ಕುಳಿತಮೇಲೆಯೇ ಹಿಂದಿನವನು ಬಾಗಿಲಲ್ಲಿ ಕಾಲಿಡಬೇಕು. ನಿಮ್ಮ ಸರದಿ ಬಂದಾಗ ಮೊದಲು ಕಿಟಕಿಯ ಬದಿಯನ್ನು ನೋಡುತ್ತೀರಿ. ಅದು ಖಾಲಿಯಿಲ್ಲದಿದ್ದರೆ ಬೇರೊಂದನ್ನು ನೋಡುತ್ತೀರಿ. ಕಿಟಕಿಯತ್ತ ಮೊದಲು ನೋಡಿದುದರಿಂದ ನಿಮಗೇನಾದರೂ ನಷ್ಟವಾಯಿತೆ? ಇಲ್ಲ, ನೀವು ಕುಳಿತುಕೊಳ್ಳುವವರೆಗೆ ಹಿಂದಿನವನು ಒಳಗೆ ಬರುವಂತಿಲ್ಲವಷ್ಟೆ. ರ‍್ಯಾಂಕಿನ ಸಾಲೂ ಇಂಥದೇ. ಮೀಸಲು ಸ್ಥಾನಗಳಿಗೆ ಪ್ರತ್ಯೇಕ ಲೆಕ್ಕವಿದ್ದರೂ ಮೂಲತತ್ತ್ವವು ಇದೇ ಆಗಿದೆ.

ಈಗ ಉಡುಪಿ, ಕಾಪು, ಕಾರ್ಕಳಗಳ ಮೂವರು ವಿದ್ಯಾರ್ಥಿಗಳು ಇದೇ ಅನುಕ್ರಮದಲ್ಲಿ ರ‍್ಯಾಂಕು ಪಡೆದಿರುವರೆಂದೂ, 'ಅ', 'ಆ', 'ಇ' ಎಂಬ ಕಾಲೇಜುಗಳಲ್ಲಿ ಒಂದೊಂದೇ ಸೀಟಿರುವುದೆಂದೂ ಇಟ್ಟುಕೊಳ್ಳೋಣ. ಕಾಪುವಿನವಳಿಗೆ ಬೇಕಾದುದು 'ಅ'. ಆದರೆ ಕಳೆದ ವರ್ಷ ಅದು ಅವಳ ರ‍್ಯಾಂಕಿಗೆ ಸಿಕ್ಕಿರಲಿಲ್ಲವೆಂದು ಹೆದರಿ, 'ಆ' ಕಾಲೇಜನ್ನು ಮೊದಲು ಬರೆದಳು. ಉಡುಪಿಯವನು ಮನೆಯ ಕಾರಣದಿಂದ 'ಇ' ಕಾಲೇಜನ್ನು ಆರಿಸಿಕೊಂಡನು. ಕಾಪುವಿನವಳ ಸರದಿ ಬಂದಾಗ 'ಅ' ಬರಿದಾಗಿಯೇ ಇತ್ತು. ಆದರೂ ಗಣಕವು ಅವಳು ಬರೆದಂತೆ 'ಆ' ಕಾಲೇಜನ್ನೇ ಕೊಟ್ಟಿತು. 'ಅ' ಕಾಲೇಜು ಅವಳ ಹಿಂದೆ ನಿಂತಿದ್ದ ಕಾರ್ಕಳದವನ ಪಾಲಾಯಿತು. ಮನಸ್ಸಿನಂತೆ ಬರೆದಿದ್ದರೆ ಅವಳಿಗೇ ಅದು ಸಿಗುತ್ತಿತ್ತು; ಒಂದು ವೇಳೆ ಉಡುಪಿಯವನು 'ಅ' ಕಾಲೇಜನ್ನು ತೆಗೆದುಕೊಂಡಿದ್ದರೂ ಅವಳಿಗೆ 'ಆ' ತಪ್ಪುತ್ತಿರಲಿಲ್ಲ.

ಇದು ಗಣಿತಜ್ಞರು ಆಳವಾಗಿ ಪರಿಶೀಲಿಸಿದ ವಿಷಯ. ಡೇವಿಡ್ ಗೇಲ್ ಮತ್ತು ಲಾಯ್ಡ್ ಶೇಪ್ಲಿ ಎಂಬ ಗಣಿತಜ್ಞರು ಕಾಲೇಜು ಪ್ರವೇಶದ ಸಮಸ್ಯೆಯ ಮೇಲೆ 1962ರಲ್ಲಿ ಪುಟ್ಟ ಪ್ರಬಂಧವೊಂದನ್ನು ಬರೆದರು. ಅವರ ವಿಧಾನದಲ್ಲಿ, ಎಲ್ಲ ಕಾಲೇಜುಗಳೂ ಒಂದೇ ರ‍್ಯಾಂಕನ್ನು ಒಪ್ಪಿದರೆ, ನಮ್ಮ ಬಸ್ಸಿನ ಸಾಲೇ ದೊರೆಯುತ್ತದೆ. ಈ ಶಾಖೆಯನ್ನು ಬೆಳೆಸಿದ ಶೇಪ್ಲಿ ಮತ್ತು ಆಲ್ವಿನ್ ರಾಥ್ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವು ಸಂದಿತು. ಜನರ ಭಯವು ಎಲ್ಲೆಡೆಯೂ ನಿರಾಧಾರವೆಂದು ನಾವು ಹೇಳುವುದಿಲ್ಲ. ಅಮೆರಿಕದ ಬಾಸ್ಟನ್ ನಗರದ ಶಾಲೆಗಳಲ್ಲಿ ಮೊದಲ ಇಚ್ಛೆಗಳನ್ನೆಲ್ಲ ತೀರಿಸಿದ ಬಳಿಕವೇ ಎರಡನೆಯವನ್ನು ನೋಡುತ್ತಿದ್ದರು. ಅಲ್ಲಿ ನಿಜವನ್ನು ಬರೆದವನು ಸೋಲುವ ಸಂಭವವಿತ್ತು. 2005ರಲ್ಲಿ ಆ ಪದ್ಧತಿಯನ್ನು ಕೈಬಿಡಲಾಯಿತು. ನಮ್ಮ ಹಂಚಿಕೆಯಲ್ಲಾದರೋ ಆ ದೋಷವಿಲ್ಲ.

ಹಾಗೆಂದು ಕಾಲೇಜಿನ ಕೀರ್ತಿಯನ್ನಷ್ಟೇ ನೋಡಿ ಪಟ್ಟಿಯನ್ನು ಬರೆಯಬೇಕೆಂದು ನಾವು ಹೇಳುತ್ತಿಲ್ಲ. ಶುಲ್ಕವೆಷ್ಟು, ಊರು ಎಷ್ಟು ದೂರ, ಆಸ್ಪತ್ರೆಗೆ ರೋಗಿಗಳು ಸಾಕಷ್ಟು ಬರುವರೆ ಎಂಬುದನ್ನೆಲ್ಲ ತಂದೆತಾಯಿಗಳೊಡನೆ ಕುಳಿತು ತೂಗಿನೋಡಬೇಕು. ಸೇರಲು ಸಾಧ್ಯವೇ ಇಲ್ಲದ ಕಾಲೇಜನ್ನು ಬರೆಯಲೇಬಾರದು. ಸೇರಲು ಸಿದ್ಧವಿರುವ ಯಾವ ಕಾಲೇಜನ್ನೂ ಬಿಡಬಾರದು. ಸಿಕ್ಕಿದ ಸೀಟನ್ನು ಒಪ್ಪುವುದು, ಒಪ್ಪಿಯೂ ಮೇಲಿನದಕ್ಕೆ ಕಾಯುವುದು, ಬಿಟ್ಟುಬಿಡುವುದು, ಠೇವಣಿ ಕಳೆದುಕೊಳ್ಳುವುದು—ಇವುಗಳ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದುಂಟು. ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ಸ್ವತಃ ಓದದೆ ಹೆಜ್ಜೆಯಿಡಬಾರದು.

ಎರಡು ವರ್ಷಗಳ ಕಾಲ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಕಲಿಸುವ ನಮ್ಮ ಪದವಿಪೂರ್ವ ಕಾಲೇಜುಗಳು ಈ ಲೆಕ್ಕವನ್ನು ತಿಳಿಸಲು ಒಂದು ಗಂಟೆಯನ್ನು ಮೀಸಲಿಡಬಾರದೆ? ಕರಿಹಲಗೆಯ ಮೇಲೆ ಮೂರು ಕಾಲೇಜುಗಳ ಹೆಸರನ್ನು ಬರೆದರೆ ಸಾಕು. ಸೀಟು ಹಂಚುವ ಸಂಸ್ಥೆಗಳೂ ಗಣಕವು ಅನುಸರಿಸುವ ಕ್ರಮವನ್ನು ಸರಳವಾದ ಕನ್ನಡದಲ್ಲಿ, ಉದಾಹರಣೆ ಸಹಿತ, ಪುಸ್ತಿಕೆಯ ಮೊದಲ ಪುಟದಲ್ಲಿಯೇ ಅಚ್ಚುಮಾಡಬೇಕು. ಕ್ರಮವು ನ್ಯಾಯವಾಗಿದ್ದರೆ ಸಾಲದು. ಅದು ನ್ಯಾಯವಾಗಿದೆಯೆಂದು ಕಾಪುವಿನ ಆ ಹುಡುಗಿಗೂ ತಿಳಿದಿರಬೇಕು. ಹಾಗಿಲ್ಲದಿದ್ದರೆ, ತನ್ನದಾಗಬಹುದಾಗಿದ್ದ ಸೀಟನ್ನು ಅವಳು ತನ್ನ ಕೈಯಾರೆ ಬಿಟ್ಟುಕೊಟ್ಟಂತಾಗುವುದು.